ಬಾಗಿಲು ತೆಗೆದರೆ ಎಡಗಡೆ ಏನಿತ್ತು?

ನಮ್ಮ ಮನೆ ಸುಟ್ಟಿದ್ದು 2021ರ ಡಿಸೆಂಬರ್ 30ರಂದು, ಗುರುವಾರ. ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಬೆಳಗ್ಗೆ ಎದ್ದವಳೇ ಇಡ್ಲಿಗೆ ಅಕ್ಕಿ, ಉದ್ದು ನೆನೆಹಾಕಿದ್ದೆ. ಸಂಜೆ ರುಬ್ಬಿದರಾಯಿತು ಅಂದುಕೊಂಡಿದ್ದೆ.

ನಾವಿರುವುದು ಅಮೆರಿಕದ ಕೊಲರಾಡೋದಲ್ಲಿ, ಡೆನ್ವರ್ ಮತ್ತು ಬೌಲ್ಡರ್ ನಡುವೆ ಇರುವ ಸುಪೀರಿಯರ್ ಅನ್ನುವ ಸಣ್ಣ ಊರಲ್ಲಿ. ಪಶ್ಚಿಮಕ್ಕೆ ರಾಕಿ ಬೆಟ್ಟಗಳು. ಬೆಟ್ಟದ ಬುಡದಿಂದ ಊರಿನ ಅಂಚಿನವರೆಗೆ ಹುಲ್ಲುಗಾವಲು. ಕಾಡ್ಗಿಚ್ಚು ಅಂದರೆ ಬೆಟ್ಟದ ಮೇಲೆ ಪೈನ್ ಮರಗಳ ನಡುವೆ ಮನೆ ಕಟ್ಟಿಕೊಂಡವರ ಚಿಂತೆ ಅಂತ ನಾವೆಲ್ಲ ನಂಬಿದ್ದೆವು. ನಮ್ಮದು ಒಂದಕ್ಕೊಂದು ಹತ್ತಿರ ಇರುವ ಮನೆಗಳ ಬಡಾವಣೆ. ಪಕ್ಕದಲ್ಲೇ ಕಾಸ್ಟ್‌ಕೋ, ಟಾರ್ಗೆಟ್ ಅನ್ನುವ ದೊಡ್ಡ ಅಂಗಡಿಗಳು. ಇಲ್ಲಿ ಸುತ್ತಮುತ್ತ ಕಾಡೇ ಇಲ್ಲ.

ಹುಲ್ಲಿತ್ತು. ಆ ವರ್ಷ ವಸಂತದಲ್ಲಿ ಮಳೆ ಚೆನ್ನಾಗಿ ಬಂದು ಹುಲ್ಲು ಎತ್ತರಕ್ಕೆ ಬೆಳೆದಿತ್ತು. ಆಮೇಲೆ ತಿಂಗಳುಗಟ್ಟಲೆ ಒಣ ಹವೆ. ಡೆನ್ವರ್‌ನಲ್ಲಿ ಮೊದಲ ಹಿಮ ಬಿದ್ದಿದ್ದೇ ಡಿಸೆಂಬರ್ 10ಕ್ಕೆ. ದಾಖಲೆ ಇಡಲು ಶುರು ಮಾಡಿದಾಗಿನಿಂದ ಅಷ್ಟು ತಡ ಯಾವತ್ತೂ ಆಗಿರಲಿಲ್ಲ. ಆ ಗುರುವಾರ ಬೆಟ್ಟದಿಂದ ಇಳಿದ ಗಾಳಿ ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ಮುಟ್ಟಿತು. ಬೆಳಗ್ಗೆ 11ರ ನಂತರ ಮಾರ್ಷಲ್ ಅನ್ನುವ ಜಾಗದ ಹತ್ತಿರ ಹೊತ್ತಿದ ಬೆಂಕಿ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ನಮ್ಮ ಬಡಾವಣೆಯಲ್ಲಿತ್ತು.

ನಾನು ಎತ್ತಿಕೊಂಡಿದ್ದು ಪಾಸ್‌ಪೋರ್ಟ್ ಇದ್ದ ಚೀಲ, ಮಗನ ಇನ್‌ಹೇಲರ್, ಮೂರು ಫೋನ್. ಮಗಳು ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡು ಕಾರು ಹತ್ತಿದಳು. ನಡು ಮಧ್ಯಾಹ್ನ ಎಲ್ಲರೂ ಹೆಡ್‌ಲೈಟ್ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದೆವು. ಹೊಗೆಯಲ್ಲಿ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಾರೇ ಅಲ್ಲಾಡುವ ಹಾಗೆ ಗಾಳಿ. ಥಾರ್ನ್‌ಟನ್‌ನಲ್ಲಿರುವ ಗೆಳತಿಯ ಮನೆಗೆ ಹೋಗಿ ಸೇರಿದೆವು. ಅವಳು ಏನೂ ಕೇಳಲಿಲ್ಲ, ಬಿಸಿ ಬಿಸಿ ಅನ್ನ, ಸಾರು ಬಡಿಸಿದಳು.

ಒಟ್ಟು 1,084 ಮನೆಗಳು ಹೋದವು. ಸುಪೀರಿಯರ್, ಪಕ್ಕದ ಲೂಯಿವಿಲ್, ಸುತ್ತಲಿನ ಕೌಂಟಿ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ಜಾಗ ಎಲ್ಲ ಸೇರಿ. ಇಬ್ಬರು ತೀರಿಕೊಂಡರು. ಕೊಲರಾಡೋ ಇತಿಹಾಸದಲ್ಲಿ ಇಷ್ಟು ಮನೆಗಳನ್ನು ನುಂಗಿದ ಬೆಂಕಿ ಬೇರೆ ಇಲ್ಲ. ಮಾರನೆಯ ದಿನ, ಡಿಸೆಂಬರ್ 31ಕ್ಕೆ, ಹಿಮ ಬೀಳಲು ಶುರುವಾಯಿತು. ಗೆಳತಿಯ ಮನೆಯ ಕಿಟಕಿಯಲ್ಲಿ ನಿಂತು ಅದನ್ನು ನೋಡುತ್ತಾ ನಾನು ಅತ್ತಿದ್ದು ನೆನಪಿದೆ. ಅಲ್ಲಿಯವರೆಗೆ ಅತ್ತಿರಲಿಲ್ಲ. ಒಂದೇ ಒಂದು ದಿನ ಮೊದಲು ಬಿದ್ದಿದ್ದರೆ ಸಾಕಾಗಿತ್ತು.

ಬೆಂಕಿಯ ಕಥೆ ಇಷ್ಟೇ. ನಾನು ಬರೆಯಬೇಕು ಅಂತ ಕೂತಿರುವುದು ಅದರ ನಂತರದ ಎರಡು ವರ್ಷದ ಬಗ್ಗೆ. ಯಾಕೆಂದರೆ ಬೆಂಕಿಯ ಸುದ್ದಿ ಎಲ್ಲರಿಗೂ ಸಿಗುತ್ತೆ. ಬೆಂಕಿ ಆರಿದ ಮೇಲೆ ಜನ ಹೇಗೆ ಎದ್ದು ನಿಲ್ಲುತ್ತಾರೆ, ಯಾರು ಎಬ್ಬಿಸಿ ನಿಲ್ಲಿಸುತ್ತಾರೆ ಅನ್ನುವುದು ಸುದ್ದಿಯಾಗುವುದಿಲ್ಲ.

ಲಾಫಾಯೆಟ್ ಊರಿನಲ್ಲಿ ಕೌಂಟಿಯವರು ಒಂದು ನೆರವು ಕೇಂದ್ರ ತೆರೆದಿದ್ದರು. ಒಂದೇ ಕಟ್ಟಡದಲ್ಲಿ ಎಲ್ಲ ಮೇಜುಗಳು. ಕೇಂದ್ರ ಸರ್ಕಾರದ ವಿಪತ್ತು ನೆರವಿನ ಸಂಸ್ಥೆ ಫೆಮಾದವರು, ರೆಡ್ ಕ್ರಾಸ್, ಹೊಸ ಡ್ರೈವಿಂಗ್ ಲೈಸೆನ್ಸ್ ಕೊಡುವವರು, ಹಳೆಯ ಕೋಟು, ಬೂಟು ಹಂಚುವವರು. ಅಲ್ಲೇ ಒಂದು ಮೇಜು ಕಮ್ಯೂನಿಟಿ ಫೌಂಡೇಶನ್ ಬೌಲ್ಡರ್ ಕೌಂಟಿಯದು. 1991ರಲ್ಲಿ ಶುರುವಾದ ಸ್ಥಳೀಯ ಸಂಸ್ಥೆ ಅದು. ನಾನು ಅಲ್ಲಿಯವರೆಗೆ ಅದರ ಹೆಸರೂ ಕೇಳಿರಲಿಲ್ಲ. ಬೆಂಕಿ ಹೊತ್ತಿದ ದಿನವೇ ಅವರು ನಿಧಿ ತೆರೆದರಂತೆ. ಆ ನಿಧಿಗೆ ಕೊನೆಗೆ 4 ಕೋಟಿ 30 ಲಕ್ಷ ಡಾಲರಿಗೂ ಜಾಸ್ತಿ ಬಂತು.

ಮನೆ ಹೋದವರಿಗೆ, ಮನೆಗೆ ಹಾನಿಯಾದವರಿಗೆ 2,500 ಡಾಲರ್. ಬೆಂಕಿಯಿಂದ ಕೂಲಿ ತಪ್ಪಿದವರಿಗೆ 500 ಡಾಲರ್. ಈ ಎರಡನೆಯದು ನನ್ನ ಮನಸ್ಸಿಗೆ ತುಂಬಾ ಹತ್ತಿರವಾಯಿತು. ನಮ್ಮ ಬಡಾವಣೆಯಲ್ಲಿ ಮನೆ ಗುಡಿಸಿ ಒರೆಸುವ, ಮಕ್ಕಳನ್ನು ನೋಡಿಕೊಳ್ಳುವ, ಹುಲ್ಲು ಕತ್ತರಿಸುವ ಕೆಲಸಕ್ಕೆ ಬರುತ್ತಿದ್ದವರು ಎಷ್ಟೋ ಜನ. ನಮ್ಮ ಮನೆ ಹೋದಾಗ ಅವರ ಅನ್ನವೂ ಹೋಯಿತು. ಅವರಿಗೆ ವಿಮೆ ಇಲ್ಲ, ಟಿವಿಯವರು ಅವರನ್ನು ಕೇಳುವುದಿಲ್ಲ. ಈ ಸಂಸ್ಥೆಯವರಿಗೆ ಅವರೂ ಕಂಡರು.

ನನ್ನ ಸರದಿ ಬಂದಾಗ ಕೈ ಚಾಚಲು ಆಗಲಿಲ್ಲ. ನಾನು ಅರಸೀಕೆರೆ ಕಡೆಯವಳು. ನಮ್ಮಮ್ಮ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಸಾಲ ತಂದರೂ ವಾಪಸ್ ಕೊಡುವಾಗ ಲೋಟದ ತುಂಬ ಗೋಪುರ ಮಾಡಿ ಕೊಡುತ್ತಿದ್ದಳು. ಚೆಕ್ ನೋಡಿ ಸುಮ್ನೆ ನಿಂತುಬಿಟ್ಟೆ. "ನಮಗಿಂತ ಕಷ್ಟದಲ್ಲಿ ಇರೋರಿಗೆ ಕೊಡಿ" ಅಂದೆ. ಮೇಜಿನ ಆಚೆ ಕೂತಿದ್ದ ಹೆಂಗಸು ನನಗೆ ಒಂದು ಮಾತು ಹೇಳಿದರು. "ಇದು ದಾನ ಅಲ್ಲ. ನಿಮ್ಮ ಊರಿನವರು ನಿಮ್ಮನ್ನ ಉಳಿಸಿಕೊಳ್ಳೋಕೆ ಕೊಟ್ಟಿರೋ ದುಡ್ಡು. ನೀವು ಊರು ಬಿಟ್ಟು ಹೋಗಬಾರದು ಅಂತ." ಆ ಮಾತಿಗೆ ನಾನು ಚೆಕ್ ತೆಗೆದುಕೊಂಡೆ. ಅದರಲ್ಲಿ ಮಕ್ಕಳಿಗೆ ಬೂಟು, ಸ್ವೆಟರ್, ಒಂದು ಕುಕ್ಕರ್ ಕೊಂಡೆವು.

ಜನವರಿ ಕೊನೆಗೆ ಬೂದಿ ಜರಡಿ ಹಿಡಿಯಲು ಸ್ವಯಂಸೇವಕರು ಬಂದರು. ಮಾಜಿ ಸೈನಿಕರೇ ಜಾಸ್ತಿ ಇದ್ದ ತಂಡ. ಬಿಳಿ ಮೈಗವಸು, ಮಾಸ್ಕ್, ದಪ್ಪ ಕೈಗವಸು ಹಾಕಿಕೊಂಡು ನಮ್ಮ ಮನೆಯ ಅಡಿಪಾಯದೊಳಗೆ ಇಳಿದರು. ನಮಗೂ ಅದನ್ನೇ ತೊಡಿಸಿದರು. ಸುಟ್ಟ ಮನೆಯ ಬೂದಿಯಲ್ಲಿ ಸೀಸ, ಆಸ್ಬೆಸ್ಟಾಸ್, ಏನೇನೋ ವಿಷ ಇರುತ್ತದೆ; ಬರಿಗೈಯಲ್ಲಿ ಮುಟ್ಟಬಾರದು. ಎರಡು ಅಂತಸ್ತಿನ ಮನೆ ಕುಸಿದು ಮೊಣಕಾಲೆತ್ತರದ ಬೂದಿ ಆಗಿತ್ತು. ಅಡುಗೆಮನೆ ಎಲ್ಲಿತ್ತು ಅಂತ ನಾನು ತೋರಿಸಬೇಕಾಗಿತ್ತು. ಒಲೆ, ಫ್ರಿಜ್ ಕರಗಿ ಮುದ್ದೆಯಾಗಿದ್ದ ಜಾಗದಿಂದ ಹೆಜ್ಜೆ ಎಣಿಸಿ ತೋರಿಸಿದೆ.

ಇಬ್ಬರು ಜರಡಿ ಹಿಡಿದುಕೊಳ್ಳುತ್ತಾರೆ, ಒಬ್ಬರು ಸಲಿಕೆಯಲ್ಲಿ ಬೂದಿ ಹಾಕುತ್ತಾರೆ. ನಮ್ಮೂರಲ್ಲಿ ಕಣದಲ್ಲಿ ರಾಗಿ ಜರಡಿ ಹಿಡಿದ ಹಾಗೇ. ಮೊದಲು ಸಿಕ್ಕಿದ್ದು ರೊಟ್ಟಿ ಹೆಂಚು. ಆಮೇಲೆ ಕಲ್ಲಿನ ಕುಟ್ಟಾಣಿ, ಎರಡು ಹೋಳಾಗಿತ್ತು. ಅಲ್ಯುಮಿನಿಯಂ ಪಾತ್ರೆಗಳು ಬೆಳ್ಳಿ ನೀರಿನ ಹಾಗೆ ಹರಿದು ಗಟ್ಟಿಯಾಗಿದ್ದವು. ಕೊನೆಗೆ ಒಂದರ ಮೇಲೊಂದು ಅಂಟಿಕೊಂಡ ಸ್ಟೀಲ್ ತಟ್ಟೆಗಳ ಗಟ್ಟಿ ಸಿಕ್ಕಿತು. ಆ ತಂಡದ ಹುಡುಗನೊಬ್ಬ ಉಳಿಯಿಂದ ಮೆಲ್ಲಗೆ ಬಿಡಿಸಿದ. ಮೂರನೆಯ ತಟ್ಟೆಯ ಅಂಚು ಕೈಗವಸಿನಿಂದ ಒರೆಸಿ, "ಇಲ್ಲಿ ಏನೋ ಚುಕ್ಕಿ ಚುಕ್ಕಿ ಇದೆ, ನೋಡಿ" ಅಂದ.

ಬಣ್ಣ ನೀಲಿ, ಕಂದು ತಿರುಗಿತ್ತು. ಆದರೆ ಚುಕ್ಕಿಗಳು ಹಾಗೇ ಇದ್ದವು. ನಮ್ಮಮ್ಮನ ಹೆಸರು, ಅದರ ಕೆಳಗೆ "12-5-77". ಅಮ್ಮನ ಮದುವೆಗೆ ಅಜ್ಜಿ ಕೊಡಿಸಿದ ತಟ್ಟೆ. ಪಾತ್ರೆ ಅಂಗಡಿಯಲ್ಲಿ ಕೂರಿಸಿ ಹೆಸರು ಕೊರೆಸುತ್ತಾರಲ್ಲ, ಆ ಟಕಟಕ ಯಂತ್ರದ ಅಕ್ಷರ. ನಾನು ಓದಿ ಹೇಳಿದೆ. ಆ ಹುಡುಗ ಎದ್ದು ನಿಂತು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಎರಡೂ ಕೈಯಲ್ಲಿ ಕೊಡಬೇಕು ಅಂತ ಅವನಿಗೆ ಯಾರು ಹೇಳಿಕೊಟ್ಟರೋ.

ಇದಾದ ಮೇಲೆ ಶುರುವಾಯಿತು ನೋಡಿ, ನಿಜವಾದ ಕಷ್ಟ. ಕಾಗದದ ಕಷ್ಟ.

ಮನೆ ಸುಟ್ಟರೆ ಇನ್ಶೂರೆನ್ಸ್ ಇದೆಯಲ್ಲ ಅಂತ ಊರಿನಿಂದ ಫೋನ್ ಮಾಡಿದವರೆಲ್ಲ ಅಂದರು. ಇದೆ. ಆದರೆ ವರ್ಷಗಳ ಹಿಂದೆ ಬರೆದ ಪಾಲಿಸಿಯ ಮೊತ್ತಕ್ಕೂ, ಸಾವಿರ ಮನೆ ಒಟ್ಟಿಗೆ ಕಟ್ಟಬೇಕಾದಾಗಿನ ಖರ್ಚಿಗೂ ಸಂಬಂಧವೇ ಇರುವುದಿಲ್ಲ. ಮರ, ಕೂಲಿ ಎಲ್ಲದರ ಬೆಲೆ ಏರಿತ್ತು. ನಮಗೆ ಒಂದೂಕಾಲು ಲಕ್ಷ ಡಾಲರ್ ಕಮ್ಮಿ ಬೀಳುತ್ತಿತ್ತು. ಹೆಚ್ಚಿನ ಮನೆಯವರದ್ದೂ ಇದೇ ಕಥೆ. ಇನ್ನು ಮನೆಯೊಳಗಿನ ಸಾಮಾನಿಗೆ ಪೂರ್ತಿ ದುಡ್ಡು ಬೇಕೆಂದರೆ ಪ್ರತಿಯೊಂದನ್ನೂ ಪಟ್ಟಿ ಮಾಡಬೇಕು. ವಸ್ತು ಯಾವುದು, ಯಾವಾಗ ಕೊಂಡಿದ್ದು, ಎಲ್ಲಿ, ಈಗ ಬೆಲೆ ಎಷ್ಟು. ಚಮಚದಿಂದ ಸೋಫಾವರೆಗೆ. ನಮ್ಮ ಕಂಪನಿಯಲ್ಲಿ ನಮ್ಮ ಫೈಲ್ ನೋಡುವ ಅಧಿಕಾರಿ ಆರು ತಿಂಗಳಲ್ಲಿ ನಾಲ್ಕು ಸಲ ಬದಲಾದರು. ಪ್ರತಿ ಸಲ ಮೊದಲಿನಿಂದ ಹೇಳಬೇಕು, "ಹೌದು, ಮನೆ ಪೂರ್ತಿ ಸುಟ್ಟಿದೆ."

ನಾನು ರಾತ್ರಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. "ಅಡುಗೆಮನೆ" ಅಂತ ಬರೆದು ಅಲ್ಲೇ ನಿಲ್ಲುತ್ತಿದ್ದೆ. ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ನಮ್ಮವರು ಕೆಲಸ, ಬಾಡಿಗೆ ಮನೆ, ಬಿಲ್ಡರ್‌ಗಳ ಹಿಂದೆ ಓಡಾಟದಲ್ಲಿ ಸುಸ್ತಾಗಿದ್ದರು. ಮಾರ್ಚ್ ತಿಂಗಳಿಗೆ ಒಂದು ಹಂತದಲ್ಲಿ, "ಬೇಡ ಬಿಡಿ, ಕೊಟ್ಟಷ್ಟು ತಗೊಂಡು ಬೇರೆ ಊರಿಗೆ ಹೋಗಿಬಿಡೋಣ" ಅಂದೆ.

ಆಗ ಸಿಕ್ಕಿದ್ದು ನಮ್ಮ ರಿಕವರಿ ನ್ಯಾವಿಗೇಟರ್. ಬೆಂಕಿಯ ನಂತರ ಸ್ಥಳೀಯ ಸಂಸ್ಥೆಗಳು, ಚರ್ಚುಗಳು, ಸೇವಾ ಗುಂಪುಗಳು ಒಟ್ಟಾಗಿ ಒಂದು ದೀರ್ಘಕಾಲದ ಗುಂಪು ಮಾಡಿಕೊಂಡಿದ್ದವು. ಮಾರ್ಷಲ್ ಆರ್‌ಒಸಿ ಅಂತ ಕರೆಯುತ್ತಾರೆ. ಇಂಥ ಗುಂಪುಗಳ ಮೂಲಕ ನೊಂದ ಮನೆಯವರಿಗೆ ಜೊತೆಗೆ ನಿಲ್ಲಲು ಒಬ್ಬೊಬ್ಬರನ್ನು ಕೊಡುತ್ತಿದ್ದರು. ನ್ಯಾವಿಗೇಟರ್ ಅಂದರೆ ದಾರಿ ತೋರಿಸುವವರು. ನಮಗೆ ಬಂದವರು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅರುವತ್ತು ದಾಟಿದ ವಯಸ್ಸು. ಬರುವಾಗ ಒಂದು ಫೈಲ್, ಎರಡು ಪೆನ್ಸಿಲ್, ಒಂದು ಡಬ್ಬಿಯಲ್ಲಿ ಮನೆಯಲ್ಲೇ ಮಾಡಿದ ಬಿಸ್ಕತ್ತು ತಂದರು.

ನನ್ನ ಖಾಲಿ ಪಟ್ಟಿ ನೋಡಿದರು. ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡರು. "ನೀವು ಬರೆಯಬೇಡಿ. ಕಣ್ಣು ಮುಚ್ಚಿಕೊಳ್ಳಿ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೀರಿ. ಬಾಗಿಲು ತೆಗೆದರೆ ಎಡಗಡೆ ಏನಿತ್ತು?"

ಎಡಗಡೆ ಕಪಾಟು. ಮೇಲಿನ ಅರೆಯಲ್ಲಿ ಸಾಂಬಾರ ಪದಾರ್ಥದ ಡಬ್ಬಿಗಳು. ಎಷ್ಟು? ಹದಿನಾಲ್ಕು. ಸ್ಟೀಲಿನದಾ, ಗಾಜಿನದಾ? ಸ್ಟೀಲ್. ಒಗ್ಗರಣೆ ಡಬ್ಬಿ ಒಂದು, ಒಳಗೆ ಏಳು ಬಟ್ಟಲು, ಒಂದು ಪುಟ್ಟ ಚಮಚ. ಅದರ ಪಕ್ಕ? ಇಂಗಿನ ಡಬ್ಬಿ. ಕೆಳಗಿನ ಅರೆಯಲ್ಲಿ? ಇಡ್ಲಿ ಪಾತ್ರೆ, ಮೂರು ಕುಕ್ಕರ್, ಪಡ್ಡು ಹೆಂಚು, ಹೋಳಿಗೆ ತಟ್ಟುವ ಮಣೆ, ಮುದ್ದೆ ಕೋಲು. ಅವರು ಮುದ್ದೆ ಕೋಲಿನ ಹತ್ತಿರ ನಿಲ್ಲಿಸಿದರು. ಅದು ಏನು, ಏನಕ್ಕೆ ಅಂತ ಕೇಳಿದರು. ನಾನು ಎದ್ದು ನಿಂತು, ಎರಡು ಕಾಲಿನ ನಡುವೆ ಪಾತ್ರೆ ಇಟ್ಟುಕೊಂಡ ಹಾಗೆ ಮಾಡಿ, ಹಿಟ್ಟು ತಿರುವುವುದನ್ನು ತೋರಿಸಿದೆ. ಅವರು "ರಾಗಿ ಹಿಟ್ಟು ತಿರುವುವ ಮರದ ಕೋಲು, ಭಾರತದಿಂದ ತರಿಸಿದ್ದು" ಅಂತ ಬರೆದುಕೊಂಡರು. ಅಂದು ಎರಡು ಗಂಟೆಯಲ್ಲಿ ಅಡುಗೆಮನೆಯ ಎಡಗಡೆ ಮುಗಿಯಿತು. 112 ಸಾಲು.

ಆಮೇಲೆ ಪ್ರತಿ ಮಂಗಳವಾರ ಬಂದರು. ನಾಲ್ಕು ತಿಂಗಳು.

ಅಜ್ಜಿಯ ಶಾವಿಗೆ ಒರಳಿನ ಹತ್ತಿರ ಬಂದಾಗ ನನಗೆ ಬಾಯಿ ಬರಲಿಲ್ಲ. ಮೂರು ಕಾಲಿನ ಕಬ್ಬಿಣದ ಒರಳು. ಹಬ್ಬದ ಹಿಂದಿನ ದಿನ ಅಜ್ಜಿ ಅಕ್ಕಿ ಹಿಟ್ಟಿನ ಉಂಡೆ ಬೇಯಿಸಿ ಬಿಸಿಯಿರುವಾಗಲೇ ಹಾಕಿಕೊಡುತ್ತಿದ್ದರು, ನಾನು ತಿರುಗಿಸುತ್ತಿದ್ದೆ. 2014ರಲ್ಲಿ ಅದನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದಿದ್ದೆ. ಬೂದಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಬೆಲೆ ಅನ್ನುವ ಜಾಗದಲ್ಲಿ ಏನು ಬರೆಯಲಿ? ಅವರು ಪೆನ್ಸಿಲ್ ಕೆಳಗಿಟ್ಟರು. "ಇದರ ದುಡ್ಡು ಕಂಪನಿ ಕೊಡುತ್ತೆ, ಇಂಥದ್ದೇ ಹೊಸದಕ್ಕೆ ಎಷ್ಟೋ ಅಷ್ಟು ಬರೆಯೋಣ. ಇದರ ಕಥೆ ನನಗೆ ಹೇಳಿ." ಅವತ್ತು ಒಂದೇ ಸಾಲು ಬರೆದಿದ್ದು. ಮಿಕ್ಕ ಹೊತ್ತೆಲ್ಲ ನಾನು ಅಜ್ಜಿಯ ಬಗ್ಗೆ ಮಾತಾಡಿದೆ, ಅವರು ಕೇಳಿದರು.

ನನಗೆ ಈಗಲೂ ಅನಿಸುವುದು ಇದೇ. ಪರಿಹಾರ ಅಂದ ತಕ್ಷಣ ನಾವೆಲ್ಲ ದುಡ್ಡು, ಕಂಬಳಿ, ಅಕ್ಕಿ ಅಂತ ಯೋಚಿಸುತ್ತೇವೆ. ಅದೆಲ್ಲ ಬೇಕು. ಆದರೆ ಮೂರನೇ ತಿಂಗಳಿಗೆ, ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ವಾಪಸ್ ಹೋದ ಮೇಲೆ, ಪಕ್ಕದಲ್ಲಿ ಕೂತು ಪಟ್ಟಿ ಬರೆಯುವ ಒಬ್ಬ ಮನುಷ್ಯ ಬೇಕು. ದಾನ ಕೊಡುವವರಿಗೆ ಇದು ಕಾಣುವುದಿಲ್ಲ, ಫೋಟೋದಲ್ಲಿ ಬರುವುದಿಲ್ಲ. ಹೊರಗಿನಿಂದ ಬಂದ ದೊಡ್ಡ ಸಂಸ್ಥೆಗಳು ಒಂದೆರಡು ತಿಂಗಳಿಗೆ ಹೊರಟುಬಿಡುತ್ತವೆ, ಅವುಗಳಿಗೆ ಮುಂದಿನ ಪ್ರವಾಹ, ಮುಂದಿನ ಬಿರುಗಾಳಿ ಇರುತ್ತದೆ. ಉಳಿಯುವವರು ಊರಿನವರೇ.

2022ರಲ್ಲಿ ಕೊಲರಾಡೋ ಶಾಸಕರು ಕಾನೂನು ಬದಲಾಯಿಸಿದರು. ಕಾಡ್ಗಿಚ್ಚಿನಲ್ಲಿ ಮನೆ ಪೂರ್ತಿ ಹೋದರೆ ಒಳಗಿನ ಸಾಮಾನಿನ ವಿಮೆಯಲ್ಲಿ ಕನಿಷ್ಠ 65% ಪಟ್ಟಿಯಿಲ್ಲದೆ ಕೊಡಬೇಕು ಅಂತ. ಮನೆ ಕಳೆದುಕೊಂಡ ನಮ್ಮಂಥವರೇ ಹೋಗಿ ಶಾಸಕರ ಮುಂದೆ ಹೇಳಿಕೊಂಡಿದ್ದರು. ಮುಂದೆ ಯಾರದ್ದಾದರೂ ಮನೆ ಹೋದರೆ ಅವರಿಗೆ ಒಗ್ಗರಣೆ ಡಬ್ಬಿಯ ಬಟ್ಟಲು ಎಣಿಸುವ ಕಷ್ಟ ಸ್ವಲ್ಪ ಕಮ್ಮಿ.

ಅವಶೇಷ ತೆಗೆಯುವ ಕೆಲಸ ವಸಂತದಲ್ಲಿ ಶುರುವಾಯಿತು. ಬೂದಿ ಹಾರದಂತೆ ನೀರು ಹಾಯಿಸುತ್ತಾ, ಲಾರಿಯೊಳಗೆ ಪ್ಲಾಸ್ಟಿಕ್ ಹಾಸಿ, ಅದರಲ್ಲೇ ಎಲ್ಲ ಸುತ್ತಿ ಕಟ್ಟಿ ಒಯ್ಯುತ್ತಿದ್ದರು. ಅಡಿಪಾಯವನ್ನೂ ಕಿತ್ತು, ಮೇಲ್ಮಣ್ಣು ಕೆರೆದು ತೆಗೆದರು. ಕೊನೆಗೆ ಉಳಿದಿದ್ದು ಒಂದು ಗುಂಡಿ. ಅದನ್ನು ನೋಡಲು ಮಗಳು ಬರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಮನೆ ಉಳಿದವರ ಕಷ್ಟ ನಮಗೆ ಮೊದಮೊದಲು ಅರ್ಥವಾಗಲಿಲ್ಲ. ನಿಂತ ಮನೆಯೊಳಗೆಲ್ಲ ಬೂದಿ, ಹೊಗೆ ವಾಸನೆ. ಬಾಗಿಲು ತೆರೆದರೆ ತಲೆನೋವು, ಗಂಟಲು ಉರಿ. ಸುಪೀರಿಯರ್‌ನ ನಲ್ಲಿ ನೀರಿನಲ್ಲೂ ವಾರಗಟ್ಟಲೆ ಹೊಗೆಯ ರುಚಿ ಬರುತ್ತಿತ್ತು. "ನಿಮ್ಮ ಮನೆ ಉಳೀತಲ್ಲ, ಅದೃಷ್ಟ" ಅಂತ ಎಲ್ಲರೂ ಅಂದರೆ ಅವರು ಯಾರ ಹತ್ತಿರ ಹೇಳಿಕೊಳ್ಳಬೇಕು? ನೆರವಿನ ಗುಂಪಿನವರು ಅವರನ್ನೂ ಒಂದೇ ಸಭೆಗೆ ಕರೆದರು. ಒಂದೇ ಕೋಣೆಯಲ್ಲಿ ಕೂತು ಮಾತಾಡಿದ ಮೇಲೆ ಅಕ್ಕಪಕ್ಕದವರ ನಡುವೆ ಬೆಳೆಯುತ್ತಿದ್ದ ಮುನಿಸು ಕರಗಿತು.

ಆ ಸಭೆಗಳಲ್ಲೇ ಮುಂದಿನ ಮಾತು ಶುರುವಾಗಿದ್ದು. ಮತ್ತೆ ಕಟ್ಟುವುದಾದರೆ ಹೇಗೆ ಕಟ್ಟುವುದು? ಬೌಲ್ಡರ್ ಅಂದರೆ ಹವಾಮಾನ ವಿಜ್ಞಾನಿಗಳ ಊರು. ಅಂಥವರೊಬ್ಬರು ಒಂದು ಸಂಜೆ ಗೋಡೆಯ ಮೇಲೆ ಫೋಟೋ ಹಾಕಿ ತೋರಿಸಿದರು. ಬೆಂಕಿಯ ಗೋಡೆ ಬಂದು ಮನೆ ನುಂಗುವುದು ಕಮ್ಮಿ. ಮುಂದೆ ಹಾರಿ ಬರುವುದು ಕಿಡಿ. ಅದು ಅಟ್ಟದ ಗಾಳಿಕಿಂಡಿಯಿಂದ ಒಳಗೆ ಹೋಗುತ್ತದೆ, ಇಲ್ಲ ಮನೆಗೆ ತಾಗಿದ ಪೊದೆಯಲ್ಲಿ, ತರಗೆಲೆಯಲ್ಲಿ ಕೂರುತ್ತದೆ. ಮರದ ಬೇಲಿ ಬತ್ತಿಯ ಹಾಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಬೆಂಕಿ ಒಯ್ಯುತ್ತದೆ. ಒಂದು ಮನೆ ಹತ್ತಿಕೊಂಡರೆ ಅದರ ಶಾಖಕ್ಕೇ ಪಕ್ಕದ್ದು.

ಹಾಗಾದರೆ ಏನು ಮಾಡುವುದು? ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ, 3 ಮಿಲಿಮೀಟರ್ ಮೀರಬಾರದು. ಮನೆಗೆ ತಾಗುವ ಕಡೆ ಬೇಲಿ ಲೋಹದ್ದು. ಮನೆ ಸುತ್ತ ಐದು ಅಡಿ ಉರಿಯುವಂಥದ್ದು ಏನೂ ಇರಬಾರದು. ಹುಲ್ಲಿಲ್ಲ, ಮರದ ತೊಗಟೆಯ ಹಾಸಿಲ್ಲ, ಜುನಿಪರ್ ಪೊದೆ ಇಲ್ಲ, ಬರೀ ಜಲ್ಲಿ ಅಥವಾ ಕಲ್ಲು.

ರಾತ್ರಿ ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದಳು. "ಅಲ್ಲ ಕಣೆ, ಹುಲ್ಲಿನ ಮೆದೇನ ಮನೆಗೆ ತಾಗಿಸಿ ಯಾರಾದ್ರೂ ಒಟ್ತಾರಾ?" ಅಂದಳು.

ಯಾರೂ ಒಟ್ಟುವುದಿಲ್ಲ. ನಮ್ಮೂರಲ್ಲಿ ರಾಗಿ ಹುಲ್ಲಿನ ಮೆದೆ ಯಾವತ್ತೂ ಮನೆಯಿಂದ ದೂರ, ಕಣದ ಆಚೆ. ಮನೆ ಸುತ್ತ ಅಂಗಳ. ಬೆಳಗ್ಗೆ ಎದ್ದು ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟು... ಒಂದು ಒಣ ಎಲೆ ಬಿದ್ದಿದ್ದರೂ ಅಜ್ಜಿಗೆ ಸಹಿಸುತ್ತಿರಲಿಲ್ಲ. ಆ ವಿಜ್ಞಾನಿ ಗೋಡೆಯ ಮೇಲೆ ತೋರಿಸಿದ ಐದು ಅಡಿ ಜಾಗ ಅಂದರೆ ಅಂಗಳವೇ ಅಲ್ವಾ! ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ, ಕೈ ನಡುಗುತ್ತಿತ್ತು. ಆದರೂ ಅಂಗಳ ಅಂದರೆ ಏನು, ಮೆದೆ ಎಲ್ಲಿರುತ್ತದೆ, ಯಾಕೆ ಅಂತ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದೆ. ನಮ್ಮ ಬೀದಿಯ ಕೆಲವರು ಈಗ ಆ ಐದು ಅಡಿಗೆ "ಅಂಗಳ" ಅಂತಲೇ ಅನ್ನುತ್ತಾರೆ.

ಮನೆ ಕಟ್ಟಿದ ಕಥೆ ಉದ್ದ ಮಾಡುವುದಿಲ್ಲ. ಬೀದಿಯ ಆರು ಮನೆಯವರು ಸೇರಿ ಒಬ್ಬನೇ ಬಿಲ್ಡರ್ ಹತ್ತಿರ ಚೌಕಾಸಿ ಮಾಡಿದೆವು, ಅದರಿಂದ ಸ್ವಲ್ಪ ಉಳಿಯಿತು. ಕಮ್ಮಿ ಬಿದ್ದ ದುಡ್ಡಿನಲ್ಲಿ ಒಂದಷ್ಟು ಫೌಂಡೇಶನ್‌ನ ಮನೆ ಕಟ್ಟುವ ನೆರವಿನಿಂದ ಬಂತು, ಒಂದಷ್ಟು ಸಾಲ, ಒಂದಷ್ಟು ಊರಿನ ಸೈಟು ಮಾರಿದ ದುಡ್ಡು. ನೆರವಿನ ಅರ್ಜಿ ತುಂಬಿದ್ದೂ ಆ ಮಂಗಳವಾರದ ಮೇಜಿನಲ್ಲೇ.

2023ರ ಅಕ್ಟೋಬರ್‌ನಲ್ಲಿ ಗೃಹಪ್ರವೇಶ. ಪುರೋಹಿತರು ಹೋಮದ ಮಾತೆತ್ತಿದರು. ಮಗಳು ಆಗಿನ್ನೂ ಬೆಂಕಿಕಡ್ಡಿ ಗೀರಿದರೆ ಕೋಣೆಯಿಂದ ಹೊರಗೆ ಹೋಗುತ್ತಿದ್ದಳು. ಹೋಮ ಬೇಡ ಅಂದೆ. ಪುರೋಹಿತರು ದೊಡ್ಡ ಮನಸ್ಸಿನವರು, "ಹಾಲು ಉಕ್ಕಿಸಿ, ದೀಪ ಹಚ್ಚಿ, ಸಾಕಮ್ಮ" ಅಂದರು. ಇಂಡಕ್ಷನ್ ಒಲೆಯ ಮೇಲೆ ಹಾಲು ಉಕ್ಕಿಸಿದೆವು. ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಇಟ್ಟು ನಾನು ಕಡ್ಡಿಪೆಟ್ಟಿಗೆ ತೆಗೆದುಕೊಳ್ಳುವಷ್ಟರಲ್ಲಿ ಮಗಳು ಬಂದು, "ನಾನು ಹಚ್ತೀನಿ" ಅಂದಳು. ಎರಡು ಕಡ್ಡಿ ಮುರಿದವು. ಮೂರನೆಯದು ಹತ್ತಿತು.

ನಮ್ಮ ನ್ಯಾವಿಗೇಟರ್‌ಗೆ ಅಮ್ಮನ ಸ್ಟೀಲ್ ತಟ್ಟೆಯಲ್ಲೇ ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ ಇಟ್ಟು ಕೊಟ್ಟೆ. ಅವರು ತಟ್ಟೆಯ ಚುಕ್ಕಿ ಸವರಿ ನೋಡಿ, "ಇದು ಪಟ್ಟಿಯಲ್ಲಿ ಇರಲಿಲ್ಲ ಅಲ್ವಾ" ಅಂದರು. ಇರಲಿಲ್ಲ. ಸಿಕ್ಕಿದ್ದನ್ನು ಬರೆಯಬೇಕಾಗಿರಲಿಲ್ಲ.

2024ರ ಏಪ್ರಿಲ್ 6, ಯುಗಾದಿಗೆ ಮೂರು ದಿನ ಇತ್ತು. ಮತ್ತೆ ಅದೇ ಬೆಟ್ಟದ ಗಾಳಿ ಬರುತ್ತದೆ ಅಂತ ಮುನ್ಸೂಚನೆ. ಈ ಸಲ ವಿದ್ಯುತ್ ಕಂಪನಿಯವರು ಮೊದಲೇ ಕರೆಂಟ್ ತೆಗೆದರು. ತಂತಿಯಿಂದ ಕಿಡಿ ಹಾರಬಾರದು ಅಂತ ಗಾಳಿಗೆ ಮುಂಚೆಯೇ ಹಾಗೆ ತೆಗೆದಿದ್ದು ಕೊಲರಾಡೋದಲ್ಲಿ ಅದೇ ಮೊದಲು. ಸುಮಾರು 55,000 ಮನೆ, ಅಂಗಡಿಗಳಿಗೆ ಕರೆಂಟ್ ಇಲ್ಲ. ನಾನು ಮಧ್ಯಾಹ್ನವೇ ಕಡ್ಡಿ ಪೊರಕೆ ತೆಗೆದುಕೊಂಡು ಮನೆ ಸುತ್ತ ಜಲ್ಲಿಯ ಮೇಲಿನ ಎಲೆ ಗುಡಿಸಿದೆ. ಪಕ್ಕದ ಮನೆಯ ಅಜ್ಜಿಗೆ ಆಕ್ಸಿಜನ್ ಯಂತ್ರ ಬೇಕು. ನಮ್ಮ ಬೀದಿಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ನನ್ನ ಹೆಸರಿತ್ತು. ಯಾರಿಗೆ ಕಾರಿಲ್ಲ, ಯಾರಿಗೆ ಕಿವಿ ಕೇಳುವುದಿಲ್ಲ, ಯಾರ ಮನೆಯಲ್ಲಿ ಪುಟ್ಟ ಮಗುವಿದೆ, ಅವರ ಹೊಣೆ ಯಾರದು ಅಂತ ಸಭೆಯಲ್ಲಿ ಬರೆದುಕೊಂಡ ಪಟ್ಟಿ ಅದು. 2021ರಲ್ಲಿ ನಮ್ಮ ಹತ್ತಿರ ಅಂಥದ್ದು ಏನೂ ಇರಲಿಲ್ಲ. ನಾನು ಆವತ್ತು ಪಕ್ಕದ ಮನೆ ಬಾಗಿಲು ತಟ್ಟದೆ ಕಾರು ಹತ್ತಿದ್ದೆ. ಅದು ನನ್ನನ್ನು ಎರಡು ವರ್ಷ ಕಾಡಿತ್ತು. ಈ ಸಲ ಅಜ್ಜಿಯನ್ನು, ಅವರ ಯಂತ್ರವನ್ನು ಕಾರಿನಲ್ಲಿ ಕೂರಿಸಿಕೊಂಡು ಕರೆಂಟ್ ಇರುವ ಅವರ ಮಗಳ ಮನೆಗೆ ಬಿಟ್ಟು ಬಂದೆ. ರಾತ್ರಿಯೆಲ್ಲ ಗಾಳಿ ಹೊಡೆಯಿತು. ಏನೂ ಹತ್ತಿಕೊಳ್ಳಲಿಲ್ಲ.

ಕಳೆದ ವರ್ಷ, 2025ರ ಜನವರಿಯಲ್ಲಿ, ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ನಮ್ಮಲ್ಲಿ ಅನೇಕರು ಅಲ್ಲಿಯವರಿಗೆ ಫೋನಿನಲ್ಲಿ, ವಿಡಿಯೋ ಕರೆಯಲ್ಲಿ ಜೊತೆಯಾದೆವು. ಯಾವ ಕಾಗದ ಮೊದಲು, ಬೂದಿಯಲ್ಲಿ ಹೇಗೆ ಇಳಿಯಬೇಕು, ವಿಮೆಯವರ ಹತ್ತಿರ ಏನು ಮಾತಾಡಬೇಕು ಅಂತ. ನನಗೆ ಗೆಳತಿಯ ಕಡೆಯಿಂದ ಅಲ್ಲಿನ ಆಲ್ಟಡೀನಾದ ಒಂದು ಕನ್ನಡದ ಮನೆಯವರು ಸಿಕ್ಕರು. ಮಾರ್ಚ್ ತಿಂಗಳ ಒಂದು ಮಂಗಳವಾರ ಆ ಹುಡುಗಿ ಪರದೆಯ ಆಚೆ ಕೂತಿದ್ದಳು. ಇಪ್ಪತ್ತೆಂಟೋ ಮೂವತ್ತೋ ಇರಬೇಕು. ಅವಳ ಪಟ್ಟಿಯಲ್ಲಿ "ಅಡುಗೆಮನೆ" ಅಂತ ಒಂದೇ ಪದ ಇತ್ತು.

"ನೀನು ಬರೀಬೇಡ, ನಾನು ಬರ್ಕೋತೀನಿ" ಅಂದೆ. "ಬಾಗಿಲು ತೆಗೆದರೆ ಎಡಗಡೆ ಏನಿತ್ತು?"

ತುಂಬಾ ಹೊತ್ತು ಅವಳು ಮಾತಾಡಲಿಲ್ಲ. ನಾನೂ ಕಾದೆ.

"ಕುಕ್ಕರ್ ಇತ್ತಕ್ಕಾ" ಅಂದಳು. "ಮೂರು."

"ಎಷ್ಟೆಷ್ಟು ಲೀಟರಿಂದು?"

"ಎರಡು, ಮೂರು, ಐದು. ಐದರದ್ದಕ್ಕೆ ಗ್ಯಾಸ್ಕೆಟ್ ಹೊಸದು ಹಾಕ್ಸಿದ್ದೆ."

ಗ್ಯಾಸ್ಕೆಟ್ಟನ್ನೂ ಬರೆದುಕೊಂಡೆ.